ದಿನಕ್ಕೊಂದು ಹೊಸ ಮಾತು

ಲಂಕೆಗೆ ನಾನು ಹೋದದ್ದು ಒಣಮೆಣಸಿನಕಾಯಿ ಮಾರಲು. ಚಿತ್ರದುರ್ಗದ ಪೇಟೆಯಲ್ಲಿ ಹರಾಜು ಕೂಗಿಯೇ ಬೆಳೆದ ಗಂಟಲು ನನ್ನದು. ಹೊಸದುರ್ಗದ ಕೊಬ್ಬರಿಯಿಂದ ಹಿರಿಯೂರಿನ ಹತ್ತಿಯವರೆಗೆ ನಾನು ಕೂಗದ ಮಾಲಿರಲಿಲ್ಲ. ಕೊಲಂಬೊದಲ್ಲಿ ಒಂದು ಮಳಿಗೆ ಹಿಡಿದು ಕೂತು, ಎರಡು ಸಲ ಮಾಲು ತರಿಸಿಕೊಂಡಿದ್ದೆ. ಅಷ್ಟರಲ್ಲಿ ಯುದ್ಧ ಬಂತು. ಮಾಲಿನ ಹಡಗು ನಿಂತಿತು, ನಾನು ಅಲ್ಲೇ ಸಿಕ್ಕಿಕೊಂಡೆ.

ಸೈನಿಕರಿಗಾಗಿ ಹತ್ತಾರು ಭಾಷೆಗಳಲ್ಲಿ ಮಾತಾಡುತ್ತಿದ್ದ ಒಂದು ರೇಡಿಯೊ ನಿಲಯದವರಿಗೆ ಆಗ ಕನ್ನಡದ ಗಂಟಲೊಂದು ಬೇಕಾಗಿತ್ತು. ಹೋದೆ. ಅವರು ಹೇಳಿದ ಸಂಬಳ ಕೇಳಿ ಎದ್ದು ನಿಂತೆ. ಉಳಿಯಲು ಒಂದು ಕೋಣೆಯನ್ನೂ ಸೇರಿಸಿದರು, ಕೂತೆ. ಕೆಲಸ ಕೇಳಲು ಹೋಗುವವರಿಗೆ ನನ್ನದೊಂದು ಮಾತು: ಎದ್ದು ನಿಲ್ಲಿ, ಆದರೆ ಹೊಸ್ತಿಲು ಮಾತ್ರ ದಾಟಬೇಡಿ.

ದಿನಾ ಸಂಜೆ ಕಾಲು ಗಂಟೆಯ ಮಾತು. ಪೇಟೆಯಲ್ಲಿ ಒಂದು ಕೂಗು ಹಾಕಿದರೆ ನಾಲ್ಕು ಹುಬ್ಬು ಅಲುಗುತ್ತವೆ, ಅದನ್ನು ನೋಡಿಕೊಂಡು ಮುಂದಿನ ಕೂಗು. ಇಲ್ಲಿ ಸುತ್ತಲೂ ಕಂಬಳಿ ಹೊದಿಸಿದ ಗೋಡೆ, ಎದುರಿಗೆ ಕಬ್ಬಿಣದ ಒಂದು ಮೂತಿ, ಗಾಜಿನ ಆಚೆ ನನ್ನ ಭಾಷೆ ಬಾರದ ಒಬ್ಬ ಯಂತ್ರದವನು. ಕೇಳುವವನು ಮೆಚ್ಚಿದನೋ ಎದ್ದು ಹೋದನೋ ಎಂಬುದು ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ನಾನೊಂದು ಉಪಾಯ ಮಾಡಿದ್ದೆ. “ಎಲ್ಲರಿಗೂ ಶರಣು. ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ” ಎಂದು ದಿನವೂ ಒಂದೇ ರಾಗದಲ್ಲಿ ಶುರು ಮಾಡುತ್ತಿದ್ದೆ. ಅಂಗಡಿಯ ಹಲಗೆಯನ್ನು ಯಾರಾದರೂ ದಿನಾ ಬದಲಿಸುತ್ತಾರೆಯೇ? ಜನ ರಾಗದಿಂದಲೇ ನನ್ನನ್ನು ಗುರುತು ಹಿಡಿಯಲಿ ಎಂಬುದು ನನ್ನ ಲೆಕ್ಕ.

ಹೆಂಡತಿ ನಮ್ಮೂರು ಆದಿವಾಲದಲ್ಲಿದ್ದಳು. ಊರಿನ ಗೌಡರ ಮನೆಗೆ ಬ್ಯಾಟರಿಯ ರೇಡಿಯೊ ಬಂದಿತ್ತು. ಸಂಜೆ ಅರ್ಧ ಊರು ಅವರ ಜಗಲಿಯ ಮೇಲಿರುತ್ತದೆ, ಅವಳೂ ಬಾಗಿಲ ಬಳಿ ಕೂತು ನನ್ನನ್ನು ಕೇಳುತ್ತಾಳೆ ಎಂದು ನೆಮ್ಮದಿಯಾಗಿದ್ದೆ. ಕೊಲಂಬೊ ಬಂದರಿನ ಮೇಲೆ ಬಾಂಬು ಬಿದ್ದ ಮೇಲೆ ಮೂರು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಕಾಗದ ಮುಟ್ಟದಿದ್ದರೇನು, ಧ್ವನಿ ಮುಟ್ಟುತ್ತದಲ್ಲ ಎಂದುಕೊಂಡೆ.

ಹೊಳಲ್ಕೆರೆ ಕಡೆಯ ಒಬ್ಬ ಮಿಲಿಟರಿ ಲಾರಿ ಡ್ರೈವರು ಆಗಾಗ ನಿಲಯಕ್ಕೆ ಬರುತ್ತಿದ್ದ. ಅವನ ಅಕ್ಕನನ್ನು ಆದಿವಾಲಕ್ಕೇ ಕೊಟ್ಟಿತ್ತು. ರಜೆ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ.

“ಏನಣ್ಣ, ನೀವು ಸತ್ತೋಗಿದೀರಂತೆ! ಇಲ್ಲಿ ನೋಡಿದ್ರೆ ಬೀಡಿ ಸೇದ್ತಾ ಕುಂತಿದೀರಿ.”

“ಯಾವನಲೇ ಹಂಗಂದೋನು?”

“ನಿಮ್ಮೂರೇ ಅಂತೈತೆ. ಬಾಂಬಿನಾಗೆ ಹೋದ್ರು ಅಂತ. ನಿಮ್ಮ ಮಾವನೋರು ಮಗಳ ಬಳೆ ತೆಗೆಸಾಕೆ ನಿಂತವ್ರೆ.”

“ದಿನಾ ಸಂಜೆ ಬಾಯಿ ಬಡ್ಕಂತಿದೀನಲ್ಲೋ ರೇಡಿಯೊದಾಗೆ!”

“ಅದೇ ಎಡವಟ್ಟಾಗಿರೋದು. ಅದು ಪ್ಲೇಟಂತೆ. ಗೌಡ್ರ ಮನ್ಯಾಗೆ ಗ್ರಾಮಫೋನ್ ಐತಲ್ಲ, ಅದ್ರಾಗೆ ಹಾಡೋ ಅಮ್ಮ ಸತ್ತು ಎಷ್ಟೋ ವರ್ಷ ಆತಂತೆ. ಇನ್ನಾ ಹಾಡ್ತಾನೇ ಅವ್ಳೆ. ನಿಮ್ಮದೂ ಹಂಗೇಯ. ದಿನಾ ಅದೇ ಶರಣು, ಅದೇ ಕ್ಷೇಮ, ಅದೇ ರಾಗ. ‘ಬದುಕಿರೋನು ಒಂದಿನನಾದ್ರೂ ಬ್ಯಾರೆ ತರ ಮಾತಾಡಲ್ವೇನ್ರಪ್ಪ?’ ಅಂತ ನಿಮ್ಮ ಮಾವ ಕೇಳಿದ್ರೆ ಜಗಲಿ ಮ್ಯಾಲಿರೋರೆಲ್ಲ ಹೌದೌದು ಅಂತ ತಲೆ ಆಡಿಸ್ತಾರೆ.”

ನಾನು ಬೀಡಿ ಕೆಳಗೆ ಹಾಕಿದೆ. “ಅವಳೇನಂದ್ಲು?”

ಅವನ ಮುಖದ ನಗು ಹೋಯಿತು. “ನಾನು ಹೊಲ್ಡೋ ದಿನ ಬಸ್ಸಿನ ತಾವ ಬಂದಿದ್ರು. ‘ಅವ್ರು ಇದ್ರೆ, ಎಮ್ಮೆ ಈದೈತೆ ಅಂತ ಹೇಳಪ್ಪ. ಕರು ಹಿಂಗಾಲು ಎಳೀತೈತೆ, ಏನ್ಮಾಡ್ಬೇಕು ಕೇಳು’ ಅಂದ್ರು. ದೀಪಾವಳಿ ಅಮಾಸೆಗಂಟ ಕಾಯ್ರಿ ಅಂತ ಅಪ್ಪನ ಹತ್ರ ಗಡುವು ಇಸ್ಕಂಡವ್ರೆ.”

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಯುದ್ಧದ ಗದ್ದಲದಲ್ಲಿ ತಂತಿ ನಮ್ಮಂಥವರಿಗೆ ಸಿಗುತ್ತಿರಲಿಲ್ಲ, ಕಾಗದ ಬರೆದರೆ ಒಂಬತ್ತು ವಾರಕ್ಕೂ ಮುಟ್ಟುವ ಭರವಸೆಯಿರಲಿಲ್ಲ.

ನಿಲಯದಲ್ಲಿ ಆಡುವ ಮಾತನ್ನೆಲ್ಲ ಮೊದಲು ಬರೆದು ಅಧಿಕಾರಿಗೆ ತೋರಿಸಬೇಕಾಗಿತ್ತು. ಸ್ವಂತ ಸುದ್ದಿ ಕೂಡದು, ಅದರಲ್ಲಿ ಸಂಕೇತ ಅಡಗಿರಬಹುದೆಂಬ ಹೆದರಿಕೆ ಅವರಿಗೆ. ನೇರವಾಗಿ ಕೇಳಿದರೆ ಇಲ್ಲವೆನ್ನುತ್ತಾರೆಂದು ಗೊತ್ತಿತ್ತು. ಆದ್ದರಿಂದ ಒಂದು ಪೂರ್ತಿ ಸಂಜೆಯನ್ನು ಮನೆಯವರಿಗೆ ಸಂದೇಶ ಹೇಳಲು ಬಿಡಿ ಎಂದು ಕೇಳಿದೆ. ಆತ ಕೆಂಪಾದ. ಅರ್ಧ ಸಂಜೆ ಎಂದೆ. ಆಗುವುದಿಲ್ಲವೆಂದ. ಹಾಗಾದರೆ ದನಕರು ಸಾಕುವ ಬಗ್ಗೆ ಒಂದು ಬುದ್ಧಿಮಾತನ್ನಾದರೂ ಹೇಳಲೇ ಎಂದು ಮುಖ ಸಪ್ಪಗೆ ಮಾಡಿ ಕೇಳಿದೆ. ಪೀಡೆ ತೊಲಗಿತೆಂದು ಒಪ್ಪಿದ. ನನಗೆ ಬೇಕಾಗಿದ್ದದ್ದು ಅಷ್ಟೇ. ಬೇಕಾದ್ದನ್ನು ಕೊನೆಯಲ್ಲಿ, ಬೇಡದವನಂತೆ ಕೇಳುವುದನ್ನು ಕಲಿಯದವನು ಪೇಟೆಗೆ ಇಳಿಯಬಾರದು.

ಆ ಸಂಜೆ ಶರಣು ಹೇಳಲಿಲ್ಲ. “ಹೊಸದಾಗಿ ಈದ ಎಮ್ಮೆಯ ಕರು ಹಿಂಗಾಲು ಎಳೆಯುತ್ತಿದ್ದರೆ ಹೆದರಬೇಡಿ” ಎಂದೇ ಶುರು ಮಾಡಿದೆ. “ಹರಳೆಣ್ಣೆ ಬೆಚ್ಚಗೆ ಮಾಡಿ ತೊಡೆಯಿಂದ ಕೆಳಕ್ಕೆ ತಿಕ್ಕಿ. ಒಣಹುಲ್ಲಿನ ಮೇಲೆ ಮಲಗಿಸಿ.” ಮಾರನೆಯ ದಿನದಿಂದ ಅಧಿಕಾರಿಯ ಅಪ್ಪಣೆಯಂತೆ ಮತ್ತೆ ಹಳೆಯ ಶರಣು.

ಅಮಾವಾಸ್ಯೆ ಬಂತು, ಹೋಯಿತು. ಅವಳ ಕೈಯಲ್ಲಿ ಬಳೆ ಇದೆಯೋ ಇಲ್ಲವೋ ತಿಳಿಯದೆ ಐದು ತಿಂಗಳು ಜನರ ಕ್ಷೇಮ ಕೇಳಿದೆ.

ಆಮೇಲೆ ಒಂದು ಕಾಗದ ಬಂತು. ಊರಿನ ಮೇಷ್ಟರು ಅವಳು ಹೇಳಿದ ಹಾಗೆಯೇ ಬರೆದಿದ್ದರು. “ಕರು ಎದ್ದು ಓಡಾಡ್ತೈತೆ. ಬಳೆ ಕೈಯಾಗೇ ಅವೆ. ಅಪ್ಪ ಸುಮ್ಕಾಗವ್ರೆ. ಆದ್ರೆ ಆವತ್ತು ಇದ್ರಿ ಅಂತ ಆವತ್ತಿಗೆ ಗೊತ್ತಾತು. ಮಾರನೆ ದಿನದಿಂದ ಮತ್ತೆ ಪ್ಲೇಟೇ ಆದ್ರಿ. ದಿನಾ ಒಂದು ಹೊಸ ಮಾತಾಡ್ರಿ. ನಾನು ಬಾಗ್ಲ ತಾವ ಕುಂತಿರ್ತೀನಿ.”

ಎಷ್ಟೋ ಜನ ಘಾಟಿ ವರ್ತಕರನ್ನು ಕಂಡಿದ್ದೇನೆ. ಇಷ್ಟು ಸರಿಯಾದ ಕರಾರು ಯಾರೂ ಹಾಕಿರಲಿಲ್ಲ. ನಿನ್ನೆ ಬದುಕಿದ್ದವನು ಇವತ್ತೂ ಬದುಕಿದ್ದಾನೆಂದು ಯುದ್ಧಕಾಲದಲ್ಲಿ ಯಾರು ತಾನೆ ಒಪ್ಪಿಯಾರು?

ಆದರೆ ಏನು ಹೇಳುವುದು? ಮಳೆ ಬಿಸಿಲಿನ ಮಾತು ವೈರಿ ವಿಮಾನಕ್ಕೆ ಅನುಕೂಲವೆಂದು ನಿಷಿದ್ಧ. ಬಂದರು, ಬೀದಿ, ಲಾರಿ ಎಲ್ಲ ನಿಷಿದ್ಧ. ಅಧಿಕಾರಿಯ ಜೊತೆ ಒಂದು ವಾರ ಜಗ್ಗಾಡಿದ ಮೇಲೆ ಗಿಟ್ಟಿದ್ದು ಅಡುಗೆ: ಅಂದಂದು ಮಾಡಿದ್ದನ್ನು ಒಂದೆರಡು ವಾಕ್ಯದಲ್ಲಿ ಹೇಳಬಹುದು. ಆವರೆಗೆ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ಕಳೆಯುತ್ತಿದ್ದೆ. ಒಬ್ಬನಿಗೋಸ್ಕರ ಒಲೆ ಹಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಮೊದಲ ದಿನ ಮಾಡದ ಸಾರನ್ನು ಮಾಡಿದೆನೆಂದು ಹೇಳಿ ನೋಡಿದೆ. ನನ್ನ ಕಿವಿಗೇ ಪ್ಲೇಟು ಕೇಳಿದಂತಾಯಿತು. ಮಾರನೆಯ ದಿನ ಒಂದು ಸೀಮೆಎಣ್ಣೆ ಸ್ಟೌ ಕೊಂಡೆ. ಅಲ್ಲಿನವರು ಕುರಕ್ಕನ್ ಎನ್ನುವುದು ನಮ್ಮ ರಾಗಿಯೇ. ಅದನ್ನು ಹುಡುಕಿ ಬೀಸಿಸಿದೆ.

ಹಲಸಿನ ಬೀಜದ ಸಾರು, ತೆಂಗಿನಕಾಯಿ ಚಟ್ನಿ, ಸೀದುಹೋದ ಹುಳಿ, ಏನಾದರೂ ಸರಿ. ದಿನಾ ಮಧ್ಯಾಹ್ನ ಒಬ್ಬನೇ ಮಾಡಿ, ಒಬ್ಬನೇ ಉಂಡು, ತಟ್ಟೆ ತೊಳೆದಿಟ್ಟು, ಸಂಜೆ ಹೋಗಿ ಹೇಳುತ್ತಿದ್ದೆ. ಆ ಒಂದು ಕಾಗದದ ನಂತರ ಊರಿನಿಂದ ಏನೂ ಬರಲಿಲ್ಲ. ಡ್ರೈವರನ್ನೂ ಬೇರೆ ಕಡೆ ಕಳಿಸಿದರು.

ಒಂದು ಸಂಜೆ ಹೇಳಿದೆ: “ಇವತ್ತು ಮುದ್ದೆ ಗಂಟುಗಂಟಾಯಿತು. ಒಂದು ಪಾವು ಹಿಟ್ಟಿಗೆ ಎಸರು ಎಷ್ಟಿಡಬೇಕು?”

ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾ ಕೂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ಗಾಜಿನ ಆಚೆಯಿಂದ ಯಂತ್ರದವನು, ಮುಂದುವರಿಸು ಎಂದು ಎರಡು ಕೈಯನ್ನೂ ಬೀಸುತ್ತಿದ್ದ.