ತಂಗಮಣಿ ಕೊಟ್ಟ ತಪ್ಪು ಪುಸ್ತಕ

ಕೇರಳದ ಪಯ್ಯನ್ನೂರಿನ ಹತ್ತಿರದ ಒಂದೂರಿನಲ್ಲಿ ವಾಚನಾಲಯದ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ಮನೆಮನೆಗೆ ತಿರುಗುವವಳು ತಂಗಮಣಿ. ನಾಡಿ ಹಿಡಿದು ಮದ್ದು ಕೊಡುವ ವೈದ್ಯರಂತೆ, ಅಂಗಳ ನೋಡಿದರೆ ಸಾಕು, ಆ ಮನೆಯ ಮಕ್ಕಳಿಗೆ ಯಾವ ಚಿತ್ರಪುಸ್ತಕವೆಂದು ಹೇಳಬಲ್ಲೆ ಎಂಬ ಜಂಬ ಅವಳದು. ಮಳೆಗಾಲಕ್ಕೆ ಕಪ್ಪೆಗಳ ಪುಸ್ತಕ, ಓಣಂಗೆ ಹೂವಿನದು. ಅಜ್ಜ ತೀರಿಕೊಂಡ ಮನೆಗೆ ಒಂದು, ಅಪ್ಪ ಗಲ್ಫ್ ಬಿಟ್ಟು ಬಂದ ಮನೆಗೆ ಇನ್ನೊಂದು. ಹೊಸ ಮಗು ಹುಟ್ಟಿದ ಮನೆಗಂತೂ ಕಣ್ಣು ಮುಚ್ಚಿ ಕೊಡುವ ಪುಸ್ತಕವಿತ್ತು: ತೊಟ್ಟಿಲಲ್ಲಿ ತಮ್ಮ, ಪಕ್ಕದಲ್ಲಿ ಅಮ್ಮ, ತೂಗುವ ಅಕ್ಕ. ಹನ್ನೊಂದು ವರ್ಷದಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆರು ವರ್ಷದ ತೇಜು ಅದನ್ನು ಎರಡೇ ದಿನಕ್ಕೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು.

ತೇಜುವಿನ ಅಮ್ಮನ ಹೆಸರು ಶಿಜಿನ. ಅವಳು ಹೆರಿಗೆಗೆಂದು ಕಾಞಂಗಾಡಿನ ತವರಿಗೆ ಹೋಗಿದ್ದಳು. ತೊಂಬತ್ತು ದಿನದ ಬಾಣಂತನ ಮುಗಿಯದೆ ತವರಿನವರು ಮಗಳನ್ನು ಕಳಿಸುವುದುಂಟೇ? ಅಪ್ಪ ಮಸ್ಕತ್‌ನಲ್ಲಿ. ಶಾಲೆ ತಪ್ಪಬಾರದೆಂದು ತೇಜು ಅಪ್ಪನ ತಾಯಿ ಕಾರ್ತ್ಯಾಯಿನಿಯ ಬಳಿ ಉಳಿದಿದ್ದಳು. ಒಂದು ಭಾನುವಾರ ತಮ್ಮನನ್ನು ನೋಡಿ ಬಂದವಳು ಅಂದಿನಿಂದ ಅಮ್ಮನ ಫೋನಿಗೆ ತುಟಿ ಬಿಚ್ಚಿಲ್ಲ. ಎರಡು ವಾರವಾಯಿತು. ಅತ್ತ ಶಿಜಿನ ದಿನವೂ ಅಳುತ್ತಾಳಂತೆ.

"ನಿನ್ ಪುಸ್ತಕಾನ ಅಕ್ಕಿ ಜತೆ ಬೇಯಿಸ್ಲಿಲ್ಲ ನಾನು, ಅದೇ ಪುಣ್ಯ ಕಣೆ ತಂಗಮಣಿ," ಎಂದು ಅಜ್ಜಿ ನಕ್ಕರು.

ತಂಗಮಣಿಗೆ ನಗು ಬರಲಿಲ್ಲ. ಮರುದಿನವೇ ಮರಿ ಹಾಕಿದ ಬೆಕ್ಕಿನ ಪುಸ್ತಕ ತಂದಳು. ತೇಜು ಅದನ್ನು ತಿರುವಿ ಹಾಕಿ, ಹಿಂದಕ್ಕೆ ತಳ್ಳಿದಳು.

"ಇದೂ ಸುಳ್ಳು."

"ಏನ್ ಸುಳ್ಳು ಮಗ್ಳೇ?"

"ನಿಮ್ ಪುಸ್ತಕದಲ್ಲಿ ಎಲ್ರೂ ಒಂದೇ ಮನೇಲಿರ್ತಾರೆ."

ತಂಗಮಣಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹುಡುಗಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಳಲ್ಲ! ತವರಿಗೆ ಹೋದ ಅಮ್ಮ ಅವಳ ಚೀಲದ ಯಾವ ಪುಸ್ತಕದಲ್ಲೂ ಇರಲಿಲ್ಲ. ತಾನೂ ಎರಡನೆಯ ಹೆರಿಗೆಗೆ ದೊಡ್ಡ ಮಗನನ್ನು ಬಿಟ್ಟು ತವರಿಗೆ ಹೋದವಳೇ. ಆಗ ಅವನನ್ನು ಯಾರು ಕೇಳಿದ್ದರು? ನಾಚಿಕೆಯಾಯಿತು.

"ಅಮ್ಮ ಯಾವಾಗ ಬರ್ತಾಳಂತೆ?" ಎಂದು ಮೆಲ್ಲಗೆ ಕೇಳಿದಳು.

"ತೊಂಬತ್ತು ಕಳೀಬೇಕಂತೆ. ತೊಂಬತ್ತು ಅಂದ್ರೆ ಎಷ್ಟು?"

ತಂಗಮಣಿ ಇಡೀ ಚೀಲವನ್ನು ಜಗಲಿಯ ಮೇಲೆ ಸುರಿದಳು. ತಳದಲ್ಲಿದ್ದದ್ದು ತಿಂಗಳಿಗೊಂದು ಚಿತ್ರವಿರುವ, ಬಣ್ಣ ಮಾಸಿದ ಪುಸ್ತಕ. ಒಂದಕ್ಷರವೂ ಇಲ್ಲವೆಂದು ಯಾರೂ ಅದನ್ನು ಒಯ್ಯುತ್ತಿರಲಿಲ್ಲ.

"ನೋಡು, ಛತ್ರಿ. ಇದು ಕರ್ಕಟಕ, ಮಳೆ ತಿಂಗ್ಳು. ಈಗ ನಾವಿರೋದು ಇಲ್ಲೇ. ತಿರುಗಿಸು. ಹೂವಿನ ರಂಗೋಲಿ ಬಂತಾ? ಓಣಂ. ಆಮೇಲೆ ಗದ್ದೆ ಕೊಯ್ಲು. ಅದಾದ್ಮೇಲೆ ಕಿರೀಟ ಹಾಕ್ಕೊಂಡು ಕುಣಿಯೋ ಈ ದೈವ ಯಾರು ಹೇಳು?"

"ತೆಯ್ಯಂ!"

"ಹ್ಞೂಂ. ತುಲಾ ತಿಂಗ್ಳು. ತೆಯ್ಯದ ಚೆಂಡೆ ಶುರುವಾಯ್ತು ಅಂದ್ರೆ ನಿಮ್ಮಮ್ಮ ಬಂದ್ಳು ಅಂತ್ಲೇ."

ತೇಜು ಮೊದಲಿನಿಂದ ಮತ್ತೆ ತಿರುಗಿಸಿದಳು. ಮೂರೇ ಹಾಳೆ.

"ಇಷ್ಟೇನಾ?"

"ಇಷ್ಟೇ."

ಪುಸ್ತಕ ಇಟ್ಟುಕೊಳ್ಳಲು ಹದಿನೈದು ದಿನದ ಮೇಲೆ ಒಂದು ದಿನವನ್ನೂ ತನ್ನ ಗಂಡನಿಗೂ ಕೊಡದ ತಂಗಮಣಿ, "ಅಮ್ಮ ಬಂದ್ಮೇಲೆ ವಾಪಸ್ ಕೊಟ್ರಾಯ್ತು," ಎಂದುಬಿಟ್ಟಳು.

ಹುಡುಗಿ ತಾನಾಗಿಯೇ ಫೋನು ಕೇಳಿದಳು. ಆ ಗಡಿಬಿಡಿಯಲ್ಲಿ ಅಜ್ಜಿ ಎರಡು ಸಲ ಬೇರೆ ಯಾರಿಗೋ ಒತ್ತಿದರು. ಕೊನೆಗೆ ಸ್ಪೀಕರಿನಲ್ಲಿ ಶಿಜಿನಳ ದನಿ ಬಂತು.

"ಅಮ್ಮಾ, ನಾನು ಛತ್ರಿ ಪುಟದಲ್ಲಿದೀನಿ. ನೀನು ತೆಯ್ಯಂ ಪುಟದಲ್ಲಿ ಬರ್ತೀಯ."

ಶಿಜಿನಳಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಮಾತಾಡಿದಳಲ್ಲ, ಅಷ್ಟೇ ಸಾಕಾಗಿತ್ತು. ಅಳುತ್ತಲೇ ನಕ್ಕಳು. ಆಮೇಲೆ ಅಂಜುತ್ತ ಕೇಳಿದಳು, "ಮತ್ತೆ... ಪಾಪು?"

ತೇಜು ತೆಯ್ಯದ ಚಿತ್ರ ತೆಗೆದಳು. ದೊಡ್ಡ ಕಿರೀಟದ ಬದಿಯ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ಅಳತೆ ನೋಡಿದಳು.

"ಕರ್ಕೊಂಡ್ ಬಾ," ಎಂದಳು. "ಜಾಗ ಇದೆ."