ಪಾಕ್ ಸಾಪು ಗುಡಿಸಿದ ಫೋಲ್ಡರ್

ಕ್ಲಾತೆನ್ ಊರಿನ ತಾಂತ್ರಿಕ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಹಂದೊಕೊನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಅವನು ಪಾಕ್ ಸಾಪು; ಪಾಕ್ ಎಂದರೆ ಸಾಹೇಬ, ಸಾಪು ಎಂದರೆ ಪೊರಕೆ. ಬಾಗಿಲ ಹೊರಗೆ ಮಂದಿ ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸದೆ ಒಳಗೆ ಕಾಲಿಡುವ ಜೀವವಲ್ಲ ಅದು. ಹೆಂಡತಿ ಅರ್ಧ ಓದಿಟ್ಟ ಪತ್ರಿಕೆ ಹುಡುಕುವಷ್ಟರಲ್ಲಿ ರದ್ದಿಗೆ ಹೋಗಿರುತ್ತಿತ್ತು. ಆದರೂ ಅವನೆಂದರೆ ಊರಿಗೆ ಹೆಮ್ಮೆ. ಬಿಡಿಗಾಸಿನ ಆಸೆಯಿಲ್ಲದೆ, ಲಿನಕ್ಸ್ ಬಳಸುವವರಿಗಾಗಿ ಒಂದು ಗಾಮೆಲಾನ್ ಸಾಫ್ಟ್‌ವೇರನ್ನು ಅವನು ಸುಲಭವಾಗಿ ಹಾಕಿಕೊಳ್ಳುವಂತೆ ಪ್ಯಾಕೇಜ್ ಮಾಡಿ ಹಂಚುತ್ತಿದ್ದ.

ಗಾಮೆಲಾನ್ ಎಂದರೆ ಕಂಚಿನ ವಾದ್ಯಗಳ ಮೇಳ. ಒಂದು ಊರಿನ ಶ್ರುತಿ ಇನ್ನೊಂದು ಊರಿನದಕ್ಕೆ ಕೂಡುವುದಿಲ್ಲ. ಪ್ಯಾಕೇಜಿನ ಜೊತೆ ಬರುವ ಶ್ರುತಿ ಯಾರಿಗೂ ಸಾಲದು. ಮೇಳದವರು ತಮ್ಮ ವಾದ್ಯದ ನಾದವನ್ನು ರೆಕಾರ್ಡ್ ಮಾಡಿ ತಾವೇ ಸೇರಿಸಬೇಕು. ಸೇರಿಸುವುದು ಎಲ್ಲಿಗೆ? ಈ ಕೆಲಸದಲ್ಲಿ ಅವನಿಗೆ ಜೊತೆಯಾಗಿದ್ದ, ಅವನನ್ನು ಮಾಸ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ರೆತ್ನಾನಿ ಎಂಬವಳಿಗೂ ಅವನಿಗೂ ಜಟಾಪಟಿ ಹತ್ತಿದ್ದು ಇಲ್ಲೇ.

"ಜನ ತಂದಿದ್ದು ಜನರದ್ದು, ಮಾಸ್. ಅವರವರ ಹೋಮ್ ಫೋಲ್ಡರಲ್ಲೇ ಇರ್ಲಿ. ಪ್ಯಾಕೇಜಿನ ಫೋಲ್ಡರ್ ನಾವು ಬದಲಾಯಿಸ್ತೀವಿ, ಅಳಿಸ್ತೀವಿ. ಅಲ್ಲಿ ಅವರ ಸಾಮಾನು ಯಾಕೆ?"

"ಅಯ್ಯೋ ತಾಯಿ, ಇಡೀ ಮೇಳಕ್ಕೆ ಒಂದೇ ಕಂಪ್ಯೂಟರ್ ಇರತ್ತೆ. ಒಬ್ಬೊಬ್ಬರ ಹತ್ರ ಒಂದೊಂದು ಚೂರು ಬಿದ್ದಿದ್ರೆ ಮುದುಕರು ಎಲ್ಲಿ ಅಂತ ಹುಡುಕ್ತಾರೆ? ನಮ್ಮ ಶ್ರುತಿ ಪಕ್ಕದಲ್ಲೇ ಅವರದ್ದೂ ಇರ್ಲಿ. ಒಂದೇ ಜಾಗ, ಅಚ್ಚುಕಟ್ಟು."

"ಎಲ್ಲರಿಗೂ ಒಂದೇ ಬೇಕಾದ್ರೆ ಬೇರೆ ಫೋಲ್ಡರ್ ಮಾಡು. ಪೊರಕೆ ಹೋಗದ ಕಡೆ."

"ನನ್ನನ್ನೇ ಕುಟುಕ್ತೀಯಲ್ಲೇ!" ಎಂದು ಅವನು ನಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪ್ಯಾಕೇಜು ಅವನ ಹೆಸರಿನಲ್ಲಿತ್ತು, ಅವನ ಮಾತೇ ನಡೆಯಿತು.

ಪಕ್ಕದ ಹಳ್ಳಿಯ ಮೇಳಕ್ಕೆ ತಾನೇ ಹೋಗಿ ಎಲ್ಲ ಹಾಕಿಕೊಟ್ಟ. ಹಿರಿಯ ವಾದಕ ಸಾದಿಮಿನ್ ಕಂಚಿನ ಪಟ್ಟಿಗಳನ್ನು ಒಂದೊಂದಾಗಿ ಬಾರಿಸಿ ರೆಕಾರ್ಡ್ ಮಾಡಿಸಿದ.

"ಇಲ್ಲಿದ್ರೆ ಭದ್ರ ತಾನೆ, ಮಾಸ್?"

"ಕಬ್ಬಿಣದ ಪೆಟ್ಟಿಗೆ ಅಂದ್ಕೊಳ್ಳಿ, ಪಾಕ್."

ಆ ಮಾತನ್ನು ನಂಬಿ ಮೇಳದವರು ಬಿರುಕು ಬಿಡುತ್ತಿದ್ದ ಹಳೆಯ ಕಂಚನ್ನು ಕರಗಿಸಲು ಕೊಟ್ಟರು. ಹೊಸ ಪಟ್ಟಿ ಮಾಡಿದ ಮೇಲೆ ಕಂಚುಗಾರ ರೆಕಾರ್ಡು ಕೇಳಿ, ಅರ ಹಾಕಿ, ಅದೇ ಶ್ರುತಿಗೆ ತರುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು, ಫೋಲ್ಡರಿನ ಹೆಸರು ಬದಲಾಯಿತು. ಹಳೆಯದು ಸುಮ್ಮನೆ ಬಿದ್ದಿದ್ದರೆ ಪಾಕ್ ಸಾಪುವಿನ ಕಣ್ಣು ಸಹಿಸೀತೇ? ಅಪ್‌ಡೇಟ್ ಆಗುವಾಗ ಹಳೆಯ ಫೋಲ್ಡರನ್ನು ಬುಡಸಮೇತ ಅಳಿಸಬೇಕೆಂದು ಒಂದು ಸಾಲು ಬರೆದ. ಅದರೊಳಗೆ ಜನರದ್ದೂ ಇದೆ, ಅಲ್ಲೇ ಇಡಿ ಎಂದವನೇ ತಾನು ಎಂಬುದು ಪುಣ್ಯಾತ್ಮನಿಗೆ ನೆನಪಾಗಲೇ ಇಲ್ಲ!

ತಮ್ಮ ರೆಕಾರ್ಡು ಮಾಯವಾಗಿದೆ ಎಂದು ಬೇರೆ ಊರಿನ ಮೇಳದವರು ದೂರಿದಾಗ ಗೊತ್ತಾಯಿತು. ಅವರ ಬಳಿ ವಾದ್ಯಗಳಾದರೂ ಇದ್ದವು, ಮತ್ತೆ ರೆಕಾರ್ಡ್ ಮಾಡಿಕೊಂಡರು. ಸಾದಿಮಿನ್ ನೆನಪಾದದ್ದೇ ತಡ, ಹಂದೊಕೊ ಬೈಕ್ ಹತ್ತಿ ಹಳ್ಳಿಗೆ ಓಡಿದ.

ಮೇಳದವರು ಸಂಜೆಯ ಅಭ್ಯಾಸಕ್ಕೆ ಕೂತಿದ್ದರು. ಹೊಸ ಕಂಚು ಥಳಥಳ ಹೊಳೆಯುತ್ತಿತ್ತು; ರೆಕಾರ್ಡು ಸಿಗದೆ ಕಂಚುಗಾರ ಅದನ್ನು ಬೇರೆ ಯಾವುದೋ ಊರಿನ ಶ್ರುತಿಗೆ ಕೂರಿಸಿದ್ದ. ಸಾದಿಮಿನ್ ತನ್ನ ಜಾಗದಲ್ಲಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಲೋಟಗಳಿಗೆ ಚಹಾ ಸುರಿಯುತ್ತಿದ್ದ.

"ಪಾಕ್ ಸಾದಿಮಿನ್ ಬಾರಿಸಲ್ವಾ?"

"ಅಯ್ಯೋ, ಅವರ ಸುದ್ದಿ ಯಾಕೆ!" ಎಂದಳು ಹಾಡುಗಾರ್ತಿ ಬು ಲಂಜರ್. "ಯಾವುದೋ ಗುಂಡಿ ಒತ್ತಿ ಅಜ್ಜಂದಿರ ಶ್ರುತೀನೇ ನುಂಗಿ ನೀರು ಕುಡಿದುಬಿಟ್ರು ಮಹಾರಾಯ್ರು. ನಾಚ್ಕೆಗೆ ಈಗ ಕೋಲೂ ಮುಟ್ಟಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಸಾದಿಮಿನ್ ಕೂಡ ತಲೆ ತಗ್ಗಿಸಿಕೊಂಡೇ ನಕ್ಕ. ಹಂದೊಕೊ ನಕ್ಕ. ಹೌದು, ಅವನೂ ನಕ್ಕುಬಿಟ್ಟ! ನಗು ಬಾಯಿಂದ ಹೊರಬಿದ್ದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಾದಿಮಿನ್ ಚಹಾವನ್ನೂ ತೆಂಪೆ ಎಂಬ ಕರಿದ ಸೋಯಾ ಬಿಲ್ಲೆಗಳನ್ನೂ ತಂದು ಅವನ ಮುಂದಿಟ್ಟು, "ಕ್ಷಮಿಸ್ಬೇಕು, ಮಾಸ್. ಅಷ್ಟು ಕಷ್ಟಪಟ್ಟು ಹಾಕಿಕೊಟ್ಟಿದ್ರಿ. ಏನು ಒತ್ತಿದ್ನೋ ನಂಗೇ ಗೊತ್ತಿಲ್ಲ," ಎಂದ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಹಂದೊಕೊನಿಗೆ. ಸುಮ್ಮನಿದ್ದರೆ ನಡೆಯುತ್ತಿತ್ತು. ಅವನು ಬರೆದ ಆ ಸಾಲನ್ನು ಆ ಹಳ್ಳಿಯಲ್ಲಿ ಓದುವವರು ಯಾರೂ ಇರಲಿಲ್ಲ. ಚಹಾ ಲೋಟ ಎತ್ತಿದ, ಕುಡಿಯಲಾಗದೆ ಕೆಳಗಿಟ್ಟ.

"ನೀವು ಏನೂ ಒತ್ತಿಲ್ಲ, ಪಾಕ್. ಅಳಿಸಿದ್ದು ನಾನು. ಇಡಬಾರದ ಕಡೆ ಇಡಿಸಿದ್ದೂ ನಾನೇ. ಬೇಡ ಅಂದವರ ಮಾತೂ ಕೇಳ್ಲಿಲ್ಲ. ಈಗ ನಕ್ಕಿದ್ದೂ... ಅದೂ ನನ್ನ ತಪ್ಪೇ."

ಯಾರಾದರೂ ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಯಾರೂ ಬೈಯಲಿಲ್ಲ. ಬು ಲಂಜರ್ ಸಾದಿಮಿನ್ ಮುಖ ನೋಡಲಾರದೆ ಸೆರಗಿನ ಅಂಚು ತಿರುವುತ್ತಾ, "ಚಹಾ ಆರೋಗುತ್ತೆ, ಕುಡೀರಿ," ಎಂದಳು, ಅಷ್ಟೇ.

ಸಾದಿಮಿನ್ ಕೈ ಒರೆಸಿಕೊಂಡು ತನ್ನ ಹಳೆಯ ಜಾಗಕ್ಕೆ ಹೋಗಿ ಕೂತ. ಕೋಲು ಎತ್ತಿ ಹೊಸ ಪಟ್ಟಿಯೊಂದನ್ನು ಬಾರಿಸಿದ. ಕಿವಿಗೊಟ್ಟು ಕೇಳಿದ. ಇನ್ನೊಮ್ಮೆ ಬಾರಿಸಿ ಕೈಯಿಂದ ಅದುಮಿ ನಿಲ್ಲಿಸಿದ.

"ಹಾಗಾದ್ರೆ ಎಲ್ಲಿ ಇಡ್ಬೇಕಿತ್ತು, ಮಾಸ್?"

"ನಿಮ್ಮದೇ ಫೋಲ್ಡರಲ್ಲಿ, ಪಾಕ್. ನನ್ನ ಕೈ ತಾಗದ ಕಡೆ. ಈಗ ಹಾಗೇ ಮಾಡಿದ್ದೀನಿ. ಇನ್ಮೇಲೆ ಏನಿಟ್ರೂ ಹೋಗಲ್ಲ."

"ಒಳ್ಳೇದಾಯ್ತು," ಎಂದ ಮುದುಕ. ಅವನ ದನಿಯಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ಕೇಳಿದ: "ಈಗ ಇಡೋಕೆ ಏನಿದೆ?"