ಆಕಾಶಕ್ಕೆ ತೇಪೆ

ತೈವಾನಿನ ಆನ್‌ಪಿಂಗ್ ಬಂದರಿನ ಓಣಿಯಲ್ಲಿ ಬೊಂಗ್ ಛಿಯ ಗಾಡಿಯ ಕಡಲ ಸಿಂಪಿ ಆಮ್ಲೆಟ್ ತಿನ್ನದವರೇ ಇರಲಿಲ್ಲ. ಅವಳ ಸೊಸೆ ಬೀ ಖೆಂಗಳ ಕೈರುಚಿ ಕಂಡವರೂ ಇರಲಿಲ್ಲ. ಹನ್ನೊಂದು ವರ್ಷ ಆ ಸೊಸೆ ಗಾಡಿಯ ಹಿಂದೆ ಕೂತು ಸಿಂಪಿ ಬಿಡಿಸಿದಳು, ಸೊಪ್ಪು ಹೆಚ್ಚಿದಳು, ತಟ್ಟೆ ತೊಳೆದಳು. ಕಾವಲಿಯ ಹತ್ತಿರ ಮಾತ್ರ ಸುಳಿಯುವಂತಿರಲಿಲ್ಲ, ಅತ್ತೆಯ ಅಪ್ಪಣೆ! ಮಲೇಶಿಯಾದ ಪೆನಾಂಗ್‌ನಲ್ಲಿ ಅಪ್ಪನ ಸಿಂಪಿ ಆಮ್ಲೆಟ್ ಗಾಡಿಯ ಮುಂದೆ ಹತ್ತನೇ ವಯಸ್ಸಿಗೇ ಸಟ್ಟುಗ ಹಿಡಿದವಳು ಅವಳು. ಅದನ್ನು ಹೇಳಿದರೆ ಬೊಂಗ್ ಛಿ ಮೂಗು ಮುರಿಯುತ್ತಿದ್ದಳು.

“ನಿಮ್ಮೂರಲ್ಲಿ ಅದನ್ನ ಚೂರುಚೂರು ಮಾಡಿ, ಗರಿಗರಿ ಹುರಿದು, ಪಕ್ಕದಲ್ಲಿ ಖಾರ ಇಟ್ಟು ಕೊಡ್ತಾರಂತೆ. ಕೋಳಿಗೆ ಹಾಕೋ ಹಾಗೆ! ನಮ್ದು ಇಡೀ ಇರ್ಬೇಕು, ಮೆತ್ತಗಿರ್ಬೇಕು, ಮೇಲೆ ಸಿಹಿ ಗೊಜ್ಜು ಬೀಳ್ಬೇಕು.”

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬೊಂಗ್ ಛಿ ಬಲಗೈ ಮುರಿದುಕೊಂಡಳು. ಇಪ್ಪತ್ತು ದಿನ ಗಾಡಿ ಮುಚ್ಚಿತ್ತು. ಚಹಾ ಮಾರುವವನೊಬ್ಬ ಬಂದು ಆ ಜಾಗ ತನಗೆ ಕೊಡಿ ಎಂದ. “ಐದನೇ ತಿಂಗಳ ಹಬ್ಬ ಕಳೀಲಿ, ಹೇಳ್ತೀನಿ” ಎಂದಳು ಮುದುಕಿ. ಮನೆಯಲ್ಲಿ ಇನ್ನೊಂದು ಕೈ ಇದೆ ಎಂದು ಅವಳ ಬಾಯಿಗೆ ಬರಲೇ ಇಲ್ಲವಲ್ಲ!

ಹಬ್ಬದ ದಿನ ಆ ಓಣಿಯ ಮನೆಮನೆಯಲ್ಲೂ ಗೆಣಸಿನ ಹಿಟ್ಟಿನಲ್ಲಿ ಸಿಂಪಿ ಹಾಕಿ ದೊಡ್ಡದೊಂದು ದೋಸೆ ಹುಯ್ದು ದೇವರ ಮುಂದೆ ಇಡುತ್ತಾರೆ. ತೂತು ಬಿದ್ದ ಆಕಾಶಕ್ಕೆ ಅದೇ ತೇಪೆ, ಆಮೇಲೆ ಮಳೆ ನಿಲ್ಲುತ್ತದೆಂಬ ನಂಬಿಕೆ. ತೇಪೆ ಎಂದ ಮೇಲೆ ಅದು ಹರಿಯಬಾರದು. ಬೊಂಗ್ ಛಿ ಪಟ್ಟಿ ಕಟ್ಟಿದ ಕೈ ನೋಡಿಕೊಂಡಳು, ಸೊಸೆಯನ್ನು ನೋಡಿದಳು, ನಿಟ್ಟುಸಿರು ಬಿಟ್ಟಳು.

“ನೀನೇ ಹುಯ್ಯಿ. ಇಡಿಯಾಗಿ ಎತ್ತಿದ್ರೆ ಗಾಡಿ ನಿಂದು. ಇಲ್ದಿದ್ರೆ ಚಹಾದವನಿಗೆ ಹ್ಞೂಂ ಅಂತೀನಿ.”

ಹಂದಿಯ ಕೊಬ್ಬು ಕಾದು ಚುರ್ ಎಂದಿತು. ಸಿಂಪಿಗಳು ಉಬ್ಬಿದವು, ಹಿಟ್ಟಿನ ಅಂಚು ಬಿಗಿಯಾಯಿತು, ಮೇಲೆ ಮೊಟ್ಟೆ ಬಿತ್ತು. ಆ ಬಿಸಿ ಮುಖಕ್ಕೆ ರಾಚಿದ್ದೇ ತಡ ಬೀ ಖೆಂಗ್ ತಾನು ಎಲ್ಲಿದ್ದೇನೆಂಬುದನ್ನೇ ಮರೆತಳು. ಸಟ್ಟುಗ ತಾನಾಗಿ ಎದ್ದು ಟಕ ಟಕ ಟಕ ಕೊಚ್ಚಿತು. ಎಚ್ಚರವಾಗುವಷ್ಟರಲ್ಲಿ ಕಾವಲಿಯಲ್ಲಿ ಏಳೆಂಟು ಚೂರು!

ಎದುರುಮನೆಯ ಹೆಂಗಸು ಬಾಗಿಲಲ್ಲೇ ನಿಂತು ನೋಡುತ್ತಿದ್ದವಳು ಕೈ ತಟ್ಟಿ ನಕ್ಕಳು. “ಅಯ್ಯೋ ಬೊಂಗ್ ಛಿ, ನಿನ್ನ ಸೊಸೆ ಆಕಾಶಾನೇ ಹರಿದು ಹಾಕಿದ್ಲಲ್ಲೇ!”

ಹೋಯಿತು, ಗಾಡಿ ಹೋಯಿತು. ಬೀ ಖೆಂಗ್ ಕಣ್ಣು ತುಂಬಿಕೊಂಡು ಉರಿ ಆರಿಸಿದಳು. ಇನ್ನು ದೇವರಿಗೆ ಬಾರದ ಆ ಚೂರುಗಳಲ್ಲಿ ಒಂದನ್ನು ಬೊಂಗ್ ಛಿ ಎಡಗೈಯಲ್ಲಿ ಎತ್ತಿದಳು, ಬೈಯುವುದಕ್ಕೆ ಮೊದಲು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ಎತ್ತಿದಳು. ಮೂರನೆಯದು ಅಂಚಿನ ಗರಿಗರಿ ಚೂರು, ಅದನ್ನು ಹುಡುಕಿಯೇ ತೆಗೆದದ್ದು.

“ಇಷ್ಟು ವರ್ಷ ಇದನ್ನ ಎಲ್ಲೇ ಬಚ್ಚಿಟ್ಟಿದ್ದೆ?”

“ಬಚ್ಚಿಡಲಿಲ್ಲ ಅತ್ತೆ. ನೀವು ಕಾವಲಿ ಮುಟ್ಟೋಕೆ ಬಿಡ್ಲಿಲ್ಲ.”

ಹನ್ನೊಂದು ವರ್ಷ ತಾನು ಮಾಡಿದ್ದೇನು ಎಂಬುದು ಬೊಂಗ್ ಛಿಗೆ ಆಗ ತಟ್ಟಿತು, ನಾಚಿಕೆಯೂ ಆಯಿತು. ಎಡಗೈಯಲ್ಲೇ ಉರಿ ಮತ್ತೆ ಹೊತ್ತಿಸಿ, “ಇನ್ನೊಂದು ಹುಯ್ಯಿ. ಸಟ್ಟುಗ ಇಲ್ಲಿ ಕೊಡು. ಮಗುಚೋವಾಗ ವಾಪಸ್ ಕೊಡ್ತೀನಿ” ಎಂದಳು. ಎರಡನೆಯದು ಇಡಿಯಾಗಿ ಎದ್ದು ದೇವರ ಮುಂದೆ ಹೋಯಿತು.

ಮರುದಿನವೂ ಮಳೆ ಬಂತು. ಆದರೂ ಗಾಡಿ ತೆರೆಯಿತು. ಮೊದಲು ಬಂದವನು ಹಳೇ ಗಿರಾಕಿ, ದೋಣಿಯವನು. ಕಾವಲಿಯ ಮುಂದೆ ಬೀ ಖೆಂಗಳನ್ನು ಕಂಡು ಅನುಮಾನಿಸಿದ. “ಇವತ್ತು ಇವಳ ಕೈದಾ?”

ಪಕ್ಕದ ಸ್ಟೂಲಿನಿಂದ ಬೊಂಗ್ ಛಿ ಗದರಿದಳು. “ನನ್ನ ಸೊಸೆ ಕಣೋ. ಚೂರು ಮಾಡಿಸ್ಕೊಂಡು ತಿನ್ನು, ನಾನೂ ಅದನ್ನೇ ತಿಂದೆ.”